ರೋಲರಿನಲ್ಲಿ ಉಳಿದ ನೀಲಿ

ಮಷೀನ್‌ಮ್ಯಾನ್‌ಗೆ ಮೊದಲಿನಿಂದಲೂ ಒಂದು ಕಾಯಿಲೆ. ಊಟದ ಬೆಲ್ ಹೊಡೆಯಿತೆಂದರೆ ಅವನ ಕೈ ನಿಂತು ಕಾಲು ಓಡುತ್ತದೆ. ಅವತ್ತು ಪ್ರೆಸ್ಸಿನಲ್ಲಿ ಕಡುನೀಲಿ ಕೆಲಸ ಮುಗಿದಿತ್ತು, ಮುಂದಿನದು ಸೋಪಿನ ಪೆಟ್ಟಿಗೆಯ ಹಳದಿ. ಕಡುಬಣ್ಣದ ಮೇಲೆ ತಿಳಿಬಣ್ಣ ಹಾಕುವ ಮುಂಚೆ ರೋಲರುಗಳನ್ನು ಎರಡು ಸಲ ತೊಳೆಯಬೇಕು. ಇವನು ಒಂದೇ ಸಲ ತೊಳೆದು ಕೈ ಒರೆಸಿಕೊಂಡ.

ಆ ಹಳದಿಯೋ, ಚುಕ್ಕಿ ಮೇಲೆ ಚುಕ್ಕಿ ಕೂರಿಸಿ ಕಣ್ಣಿಗೆ ಮಣ್ಣೆರಚುವ ಮಾಮೂಲಿ ನಾಲ್ಕು ಬಣ್ಣದ ಹಳದಿಯಲ್ಲ. ಸ್ಪಾಟ್ ಕಲರ್. ತೂಕ ಹಾಕಿ ಡಬ್ಬಿಯಲ್ಲೇ ಕಲಸಿದ, ಮೊಟ್ಟೆಯ ಹಳದಿ ಲೋಳೆಯಂಥ ಬಣ್ಣ. ಸೋಪಿನವರ ಗುರುತೇ ಅದು. ಕಲಸಿದವನು ಇವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಇವನನ್ನು ಈ ಪ್ರೆಸ್ಸಿಗೆ ಸೇರಿಸಿದ ಪುಣ್ಯಾತ್ಮನೂ ಅವನೇ.

ಹಾಳೆಗಳು ಪಾಚಿ ಕಟ್ಟಿದ ಹಾಗೆ ಹಸಿರು ತಿರುಗಿ ಬಿದ್ದವು. ಒಣಗಿದರೆ ಸರಿಹೋದೀತು ಎಂದು ತನಗೆ ತಾನೇ ಹೇಳಿಕೊಂಡ. ಸರಿಹೋಗಲಿಲ್ಲ. ಸೋಪಿನವರು ಅಷ್ಟನ್ನೂ ವಾಪಸ್ ಎಸೆದರು. ಮಾಲೀಕರು ಕಲಸಿದ್ದೇ ತಪ್ಪೇನೋ, ಉಳಿದ ಇಂಕು ತೋರಿಸು ಎಂದಾಗ, ಖಾಲಿಯಾಯಿತು ಅಂದುಬಿಟ್ಟ. ಡಬ್ಬಿ ಅವನ ಬೀರುವಿನಲ್ಲಿ ಹಳೇ ಬನಿಯನ್ನಿನಡಿ ಕೂತಿತ್ತು.

ತಪ್ಪು ಕಲಸಿದವನ ತಲೆಗೆ ಬಂತು. ಷಡ್ಡಕ ವಾದಕ್ಕೇ ಇಳಿಯಲಿಲ್ಲ. ತನ್ನ ಕಣ್ಣೇ ಮಂಕಾಗಿರಬೇಕು ಎಂದು ಒಪ್ಪಿಕೊಂಡು, ಪೆಟ್ಟಿಗೆಗೆ ಅಂಟು ಹಚ್ಚುವ ಕೋಣೆಗೆ ಹೋಗಿ ಕೂತ.

ಭಾನುವಾರ ಷಡ್ಡಕನ ಮನೆಯಲ್ಲೇ ಊಟ. "ಮದುವೆ ಆದಾಗಿಂದ ನನ್ನ ಬಟ್ಟೆ ಬಣ್ಣ ಕಂಡೋರಲ್ಲ," ಎಂದು ಷಡ್ಡಕನ ಹೆಂಡತಿ ನಗಾಡಿದಳು. "ಈಗ ದಿನಾ ಬೆಳಗ್ಗೆ ಇದ್ಯಾವ ಬಣ್ಣ, ಅದ್ಯಾವ ಬಣ್ಣ ಅಂತ ಪ್ರಾಣ ತಿಂತಾರೆ."

ಷಡ್ಡಕ ನಗಲಿಲ್ಲ. "ನೀನು ಪಕ್ಕದಲ್ಲೇ ಇರ್ತಿದ್ದೆ. ನಿಜ ಹೇಳಪ್ಪ, ನನ್ನ ಕಣ್ಣು ಯಾವಾಗಿಂದ ಹಿಂಗೆ?"

ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಮಷೀನ್‌ಮ್ಯಾನ್ ನೀರು ಕುಡಿದು ಎದ್ದ.

ಮರುದಿನ ಬೆಳಗ್ಗೆ ಅವನು ಡಬ್ಬಿಯನ್ನೂ ಸೋಪಿನವರು ಒಪ್ಪಿದ ಮಾದರಿಯನ್ನೂ ಹಿಡಿದು ಅಂಟಿನ ಕೋಣೆಯ ಕಿಟಕಿಗೆ ಬಂದ. ಇಂಕಿನ ಮೇಲೆ ಕಟ್ಟಿದ್ದ ಪೊರೆ ತೆಗೆದ. ಹೆಬ್ಬೆರಳಲ್ಲಿ ಒಂದಿಷ್ಟು ಬಿಳಿಹಾಳೆಗೆ ತಟ್ಟಿ, ಮಾದರಿಯ ಪಕ್ಕ ಇಟ್ಟ.

"ನೋಡಣ್ಣ."

ಷಡ್ಡಕ ಹಾಳೆಯನ್ನು ಬೆಳಕಿಗೆ ಹಿಡಿದ. ಓರೆ ಮಾಡಿದ. ಮತ್ತೆ ನೇರ ಹಿಡಿದ.

"ಎರಡೂ ಒಂದೇ ಕಾಣ್ತಿದೆಯಲ್ಲೋ. ನನಗೆ ಹಂಗೆ ಕಾಣ್ತಿದೆಯೋ, ಇರೋದೇ ಹಂಗೋ?"

"ಇರೋದೇ ಹಂಗೆ. ಇದು ಅವತ್ತಿನ ನಿನ್ನ ಇಂಕೇ. ರೋಲರ್ ನಾನು ಒಂದೇ ಸಲ ತೊಳೆದಿದ್ದೆ."

ಕೆನ್ನೆಗೆ ಬೀಳುತ್ತದೆಂದು ಅವನು ಕಾದ. ಬೀಳಲಿಲ್ಲ. ಷಡ್ಡಕ ಕಿಟಕಿಯಾಚೆ ನಿಂತ ಒಂದೊಂದೇ ಗಾಡಿಯನ್ನು ನೋಡುತ್ತಾ, ಬಾಯೊಳಗೇ ಅವುಗಳ ಬಣ್ಣ ಹೇಳಿಕೊಳ್ಳುತ್ತಿದ್ದ. ಕೊನೆಗೆ, ತಿರುಗದೆಯೇ ಕೇಳಿದ:

"ಇಷ್ಟು ದಿನ ನನ್ನ ಜೊತೆ ಕೂತು ಹೆಂಗೆ ಉಂಡ್ಯೋ?"

ಮಷೀನ್‌ಮ್ಯಾನ್ ಡಬ್ಬಿ ಎತ್ತಿಕೊಂಡು ಮಾಲೀಕರ ಕೋಣೆಯ ಕಡೆ ನಡೆದ. ಹೆಬ್ಬೆರಳಿನ ಹಳದಿಯನ್ನು ಒರೆಸಿಕೊಳ್ಳಲಿಲ್ಲ.