ಮಹಡಿ ಮಹಡಿಯಲ್ಲೂ ಹರಟೆ

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ವರ್ಷವಾಗಿತ್ತು. ಎಡಗೈ ಬೆರಳು ಸ್ವಲ್ಪ ಜೋಮು ಹಿಡಿಯುವುದು ಬಿಟ್ಟರೆ ಗಟ್ಟಿಯಾಗಿಯೇ ಇದ್ದರು. ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ನಾವಿರುವುದು ಕೆಳಗೆ, ಮೇಲಿನ ಮೂರು ಮಹಡಿಯಲ್ಲಿ ಬಾಡಿಗೆಯವರು. ಕಾವೇರಿ ನೀರು ಬಂದ ದಿನ ನಾನು ಮೋಟರ್ ಹಾಕಬೇಕು, ಯಜಮಾನರು ತಾರಸಿಗೆ ಹತ್ತಿ ಟ್ಯಾಂಕ್ ತುಂಬಿತೆಂದು ಕೂಗಬೇಕು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಈಚೆಗೆ ಅವರಿಗೊಂದು ಚಾಳಿ ಅಂಟಿತ್ತು. ಹತ್ತುವಾಗ ಪ್ರತಿ ಮಹಡಿಯಲ್ಲೂ ಬಾಡಿಗೆಯವರ ಬಾಗಿಲಲ್ಲಿ ನಿಲ್ಲುವುದು. ಇಲ್ಲಿ ಟ್ಯಾಂಕ್ ತುಂಬಿ ಚೆಲ್ಲಿದರೂ ಆಸಾಮಿಯ ಪತ್ತೆಯಿಲ್ಲ! ಹರಟೆಮಲ್ಲ ಎಂದು ಬೈದರೆ ನಕ್ಕುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಎರಡನೇ ಮಹಡಿಯ ಅಕ್ಕವ್ವ ಕರಿಬೇವಿಗೆಂದು ಬಂದಳು. ಗದಗದ ಕಡೆಯ ಹೆಂಗಸು, ಮುಚ್ಚುಮರೆ ಗೊತ್ತಿಲ್ಲ. ನಮ್ಮವರ ಜೊತೆ ಅಷ್ಟು ಹೊತ್ತು ಅದೇನು ಮಾತು ಎಂದು ಕೊಂಕಾಗಿಯೇ ಕೇಳಿದೆ.

“ಅವರು ಮಾತೇ ಆಡಂಗಿಲ್ರೀ ಅಮ್ಮಾರ. ಗ್ವಾಡಿ ಹಿಡ್ಕೊಂಡು ನಿಂದರ್ತಾರ. ದಮ್ಮು ಇಳಿದ ಮ್ಯಾಲ ಹೋಗ್ತಾರ. ನಿಮಗ ಹೇಳಬ್ಯಾಡ ಅಂದಿದ್ರು.”

ಕರಿಬೇವು ಕೊಡುವುದನ್ನೂ ಮರೆತು ಒಳಗೆ ಓಡಿದೆ. ಯಜಮಾನರನ್ನು ಕೇಳಿದರೆ, ಇದೆಲ್ಲ ಹಳೇ ಕಾಯಿಲೆಯ ಸುಸ್ತು ಎಂದರು. ಹಾರ್ಟ್ ಒಮ್ಮೆ ತೋರಿಸೋಣ ಎಂದೆ.

“ಎದೆನೋವೇ ಇಲ್ವಲ್ಲೇ. ಹೊಡೆದಿದ್ದು ತಲೆಗೆ, ಹಾರ್ಟಿಗೇನಾಗುತ್ತೆ?”

ಹಿಡಿದ ಪಟ್ಟು ಬಿಡದೆ ವಿಜಯನಗರದ ಆಸ್ಪತ್ರೆಗೆ ಎಳೆದೊಯ್ದೆ. ಎದೆನೋವು ಉಂಟೇ ಎಂದು ಡಾಕ್ಟರಮ್ಮ ಕೇಳಿದರೆ ಇವರು ಇಲ್ಲವೆಂದು ತಲೆಯಾಡಿಸಿದರು. ನಾನು ಬಾಯಿ ಹಾಕಿ ಹರಟೆಯ ಕಥೆ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿದರು. ಮಿದುಳಿನ ನಾಳ ಕಟ್ಟಿಕೊಂಡವರಿಗೆ ಹೃದಯದ ನಾಳವೂ ಕಟ್ಟಿಕೊಂಡಿರಬಹುದು, ಕೆಲವರಿಗೆ ಚೂರೂ ನೋವು ಗೊತ್ತಾಗುವುದಿಲ್ಲ ಎಂದರು. ಪರೀಕ್ಷೆಯಲ್ಲಿ ದೊಡ್ಡ ನಾಳವೊಂದು ಮುಕ್ಕಾಲುಪಾಲಿಗಿಂತ ಹೆಚ್ಚು ಮುಚ್ಚಿರುವುದು ಕಂಡಿತು. ಛೇ, ಇಂಥ ಮನುಷ್ಯನನ್ನು ಹರಟೆಮಲ್ಲ ಅಂದೆನಲ್ಲ ಎಂದು ಅಲ್ಲೇ ಅತ್ತುಬಿಟ್ಟೆ. ಸ್ಟೆಂಟ್ ಹಾಕಿದರು.

ಮೆಟ್ಟಿಲು ಹತ್ತಬಹುದೆಂದು ಡಾಕ್ಟರಮ್ಮ ಹೇಳಿದ್ದು ಆರು ವಾರದ ಮೇಲೆ. ಮಾರನೆಯ ದಿನವೇ ನೀರು ಬಂತು. ನಾನು ಮೋಟರ್ ಹಾಕಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ಅವರ ಚಪ್ಪಲಿ ಸದ್ದಿಗೆ ಕಿವಿಗೊಟ್ಟೆ. ಮೊದಲ ಮಹಡಿಯಲ್ಲಿ ನಿಲ್ಲಲಿಲ್ಲ. ಎರಡನೆಯದರಲ್ಲಿ ಅಕ್ಕವ್ವ ಬಾಗಿಲು ತೆರೆದ ಸದ್ದಾಯಿತು, ಅಲ್ಲೂ ನಿಲ್ಲಲಿಲ್ಲ.

“ತುಂಬ್ತು ಕಣೇ, ಆಫ್ ಮಾಡು!”

ತಾರಸಿಯಿಂದ ಬಂದ ಆ ದನಿಯಲ್ಲಿ ಏದುಸಿರಿರಲಿಲ್ಲ. ನೀರು ಚೆಲ್ಲಿ ಅಂಗಳವೆಲ್ಲ ನೆನೆಯುತ್ತಿದ್ದರೂ ಸ್ವಿಚ್ ಒತ್ತಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಾ ನಿಂತೆ.