ಪಿಸ್ಟನ್ನಿನ ತೂತು

ಕದದ ಕೊನೆಯ ಸ್ಕ್ರೂ ಬಿಚ್ಚುವಾಗ ಟರ್ಬೊನ ಕೈ ಜಾರಿ ಬೆರಳು ತರಚಿತು. ತೀರಿಹೋದ ಭಾವನನ್ನು ಮಲಗಿಸಿದ ಪೆಟ್ಟಿಗೆ ಈ ಬಾಗಿಲಲ್ಲಿ ಹಾಯುವಂತಿರಲಿಲ್ಲ, ಕದ ಕಳಚಲೇಬೇಕಿತ್ತು. ಸ್ಕ್ರೂಡ್ರೈವರೂ ಭಾವನದೇ. ರೇಸಿನ ಬೈಕುಗಳಿಗೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿ ಹೆಸರು ಮಾಡಿದ ಮೇಲೆ ಟರ್ಬೊನ ಸ್ವಂತ ಹೆಸರು ಅಕ್ಕನಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

"ನಿಮ್ಮ ಭಾವ ಇಷ್ಟು ಎತ್ತರ ಅಂತ ಗೊತ್ತೇ ಇರ್ಲಿಲ್ಲ," ಕದ ಹಿಡಿದಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹೇಳಿದ. "ಯಾವಾಗ ನೋಡಿದ್ರೂ ರಿಪೇರಿಗೆ ಬಂದ ನೀರಿನ ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರೋರು."

"ರೇಸ್ ಎಂಜಿನ್ ಬಿಚ್ಚಿದ ಕೈ ಅದು," ಹಿಂದಿನಿಂದ ಯಾರೋ ಅಂದರು. "ಒಂದು ಸುಟ್ಟುಹಾಕಿದ್ರಂತೆ. ಆಮೇಲೆ ಯಾರು ಕೊಡ್ತಾರೆ?"

ಟರ್ಬೊ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡ.

*

ಹತ್ತೊಂಬತ್ತು ವರ್ಷದ ಹಿಂದೆ, ಆ ರೇಸಿನ ಬೆಳಿಗ್ಗೆ ಭಾವ ಹಿಂದಿನ ಚಕ್ರಕ್ಕೆ ಎರಡು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್, ಅಂದರೆ ಚೈನು ಸುತ್ತುವ ಗೇರು, ಹಾಕಿದ್ದರು. "ತಿರುವಿಂದ ಹೊರಡೋವಾಗ ಎಂಜಿನ್ ಬೇಗ ಸುತ್ತಬೇಕಪ್ಪ, ಇಲ್ದಿದ್ರೆ ನಿನ್ನ ಟರ್ಬೊ ತೂಕಡಿಸುತ್ತೆ. ಗಾಳಿಯ ಒತ್ತಡ ಮಾತ್ರ ನಾನಿಟ್ಟಷ್ಟೇ ಇರಲಿ. ಆಸೆಬುರುಕರ ಎಂಜಿನ್ ಮನೆಗೆ ವಾಪಸ್ ಬರಲ್ಲ," ಎಂದು ಹೇಳಿ ಚಹಾಕ್ಕೆ ಹೋದರು.

ಅವರು ಬರುವಷ್ಟರಲ್ಲಿ ಇನ್ನಷ್ಟು ವೇಗದ ಆಸೆಗೆ ಟರ್ಬೊ ಒತ್ತಡದ ತಿರುಪನ್ನು ಒಂದೂವರೆ ಸುತ್ತು ಬಿಗಿದಿದ್ದ. ರೇಸಿನ ನಾಲ್ಕನೇ ಸುತ್ತಿನಲ್ಲಿ ಬೈಕು ಹೊಗೆ ಉಗುಳಿ ನಿಂತಿತು.

"ಯಾರ ಕೆಲಸ ಇದು?" ಎಂದ ಬೈಕಿನ ಮಾಲೀಕ.

ಟರ್ಬೊನ ಎಲುಬಿಲ್ಲದ ನಾಲಗೆ ಹೊರಳಿತು. "ಭಾವ ಹಾಕಿದ ಗೇರಿಂದ ಎಂಜಿನ್ ಅತಿಯಾಗಿ ಸುತ್ತಿತು ಸಾರ್."

ಸಂಜೆ ಎಂಜಿನ್ ಬಿಚ್ಚಿದ ಭಾವ ಪಿಸ್ಟನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಟರ್ಬೊನನ್ನು ನೋಡಿದರು. "ಲೆಕ್ಕ ನಂದೇ ತಪ್ಪಿತು," ಎಂದು ಮಾಲೀಕನಿಗೆ ಹೇಳಿ, ಯಾರೂ ನೋಡುವ ಮೊದಲೇ ಅದನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು.

*

ಕದ ಕಳಚಿದ ಮೇಲೆ ಅಕ್ಕ ಟರ್ಬೊನನ್ನು ಒಳಕೋಣೆಗೆ ಕರೆದಳು. ಮೇಜಿನ ಮೇಲೆ ಮಗುಚಿಟ್ಟ ಅದೇ ಪಿಸ್ಟನ್ನು, ಅದರಲ್ಲಿ ಎರಡು ಪೆನ್ನು, ಒಂದು ಮೋಟು ಪೆನ್ಸಿಲು.

"ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬೇಡ," ಅಂದಳು. "ನನ್ನ ತಮ್ಮ ಟರ್ಬೊ ಕೂರಿಸಿದ ಬೈಕ್ ಹಾಳು ಮಾಡಿದ್ರಿ ಅಂತ ಹತ್ತೊಂಬತ್ತು ವರ್ಷ ಅವರನ್ನ ಚುಚ್ಚಿದೀನಿ. ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ. ಪೆಟ್ಟಿಗೆ ಎತ್ತೋ ಮುಂಚೆ ನೀನಾದ್ರೂ ಅವರನ್ನ ಕ್ಷಮಿಸಿಬಿಡೋ."

ನಿಂತ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಟರ್ಬೊನಿಗೆ. ಪೆನ್ನುಗಳನ್ನು ತೆಗೆದಿಟ್ಟು ಪಿಸ್ಟನ್ನನ್ನು ಅವಳ ಮುಂದೆ ಹಿಡಿದ.

"ಗೇರ್ ತಪ್ಪಾಗಿ ಹೆಚ್ಚು ಸುತ್ತಿದ್ರೆ ವಾಲ್ವ್ ಬಂದು ಬಡಿದ ಗಾಯ ಇಲ್ಲಿರ್ಬೇಕಿತ್ತು ಅಕ್ಕ. ಇಲ್ಲ ನೋಡು. ನಡುವೆ ಕರಗಿ ತೂತಾಗಿದೆ. ಗಾಳಿಯ ಒತ್ತಡ ಹೆಚ್ಚಾದ್ರೆ ಹೀಗಾಗೋದು. ಹೆಚ್ಚು ಮಾಡಿದ್ದು ನಾನು."

"ಅವರಿಗೆ ಗೊತ್ತಿತ್ತಾ?"

"ನೋಡಿದ ತಕ್ಷಣ ಗೊತ್ತಾಯ್ತು."

ಅಕ್ಕ ಪಿಸ್ಟನ್ ಇಸಿದುಕೊಂಡು ಮಸಿಯ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ನಡುಮನೆಗೆ ಬಂದು ಅದನ್ನು ಗಂಡನ ಎದೆಯ ಮೇಲೆ, ತೂತು ಮೇಲಕ್ಕೆ ಕಾಣುವಂತೆ ಇಟ್ಟಳು.

ಕೊನೆಯ ಸಲ ಮುಖ ನೋಡಲು ಮೆಕ್ಯಾನಿಕ್ಕುಗಳು ಸಾಲಾಗಿ ನಿಂತಿದ್ದರು. ಮೊದಲು ಸ್ಪೇರ್ ಪಾರ್ಟ್ಸ್ ಅಂಗಡಿಯವನು ಬಗ್ಗಿದ. ಪಿಸ್ಟನ್ನಿನ ನಡುವೆ ಕರಗಿದ ತೂತು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಬಗ್ಗಿದ. ಪೆಟ್ಟಿಗೆಯ ಮೂಲೆ ಹಿಡಿಯಲು ಟರ್ಬೊ ಕೈ ಚಾಚಿದಾಗ ಅವನ ಜೇಬಿನಲ್ಲಿ ಸ್ಕ್ರೂಗಳು ಕಿಣಿಕಿಣಿ ಎಂದವು. ಅಂಗಡಿಯವನು ಮೆಲ್ಲಗೆ ತಲೆಯೆತ್ತಿ, ಆ ಬೈಕಿಗೆ ಟರ್ಬೊ ಕೂರಿಸಿದವನ ಕಡೆ ತಿರುಗಿದ.