ದುರ್ಗವ್ವನ ಫೋಟೋಗೆ ಪಾಲಿಷ್

ಬೆಂಗಳೂರಿನ ಲಗ್ಗೆರೆಯಲ್ಲಿ ಬಾಗಿಲು, ಬೀರು, ಮಂಚ ಯಾವುದಕ್ಕೇ ಪಾಲಿಷ್ ಬೇಕಾದರೂ ಜನ ರಾಚಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗದಗಿನ ಕಡೆಯವನು. ಕೈ ಅಂದರೆ ಕೈ! ಅಂಥ ಕೈಗೇ ಈ ಗತಿ ಬರಬೇಕಿತ್ತೇ, ನೀವೇ ಹೇಳಿ.

ಹೆಂಡತಿ ದುರ್ಗವ್ವ ತೀರಿಕೊಂಡಾಗ ಮಗಳು ವಿಜಯಶ್ರೀಗೆ ಎರಡೇ ವರ್ಷ. ಈಗ ಏಳು. ಅವ್ವ ಅಂದರೆ ಅವಳಿಗೆ ಗೋಡೆಯ ಮೇಲಿನ ಫೋಟೋ, ಅಷ್ಟೇ. ಇರುವುದೂ ಅದೊಂದೇ. ಯಾರದೋ ಮದುವೆಯಲ್ಲಿ ತೆಗೆದದ್ದು, ಕುರುಬರಹಳ್ಳಿಯ ಗೋಪೀನಾಥ ತನ್ನ ಫೋಟೋ ಅಂಗಡಿಯ ಕಂಪ್ಯೂಟರಿನಿಂದ ಪ್ರಿಂಟ್ ಹಾಕಿಕೊಟ್ಟದ್ದು. ಕಿಟಕಿಯ ಬಿಸಿಲಿಗೆ ಅದು ಬಿಳಿಚಿಕೊಳ್ಳುತ್ತಾ ಬಂತು. ಮೊದಲು ಸೀರೆಯ ಕೆಂಪು ಹೋಯಿತು, ಆಮೇಲೆ ತುಟಿಯದು. ೨೦೦೮ರ ಬೇಸಿಗೆಯ ಒಂದು ಭಾನುವಾರ ವಿಜಯಶ್ರೀ, "ಅಪ್ಪಾ, ಅವ್ವ ಹೊರಟೋಗ್ತಾ ಇದಾಳೆ" ಅಂದಳು.

ರಾಚಪ್ಪ ಫೋಟೋ ಬಗಲಲ್ಲಿಟ್ಟುಕೊಂಡು ಗೋಪೀನಾಥನ ಅಂಗಡಿಗೆ ಓಡಿದ. "ಇಂಥಾದ್ದ ಇನ್ನೊಂದು ತಗದು ಕೊಡ್ರಿ ಸಾರ್."

"ಎಲ್ಲಿಂದ ಕೊಡ್ಲಿ ರಾಚಪ್ಪ? ಆ ಕಂಪ್ಯೂಟರೇ ಕೆಟ್ಟೋಗಿ ಎರಡು ವರ್ಷ ಆಯ್ತು. ಇದು ಇಂಕ್‌ಜೆಟ್ ಪ್ರಿಂಟು ಕಣ್ರೀ, ಬರೀ ಶಾಯಿ. ಅವಾಗ್ಲೇ ಮೇಲೊಂದು ಕೋಟ್ ವಾರ್ನಿಷ್ ಹಾಕಿದ್ರೆ ಉಳೀತಿತ್ತು. ಬುಧವಾರ ಬನ್ನಿ, ರಿಪೇರಿಗೆ ಹೋಗಿರೋ ಸ್ಕ್ಯಾನರ್ ಬರುತ್ತೆ, ನೋಡೋಣ."

ಬುಧವಾರ, ಸ್ಕ್ಯಾನರ್ ಇವೆಲ್ಲ ರಾಚಪ್ಪನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ವಾರ್ನಿಷ್ ಅನ್ನೋ ಒಂದೇ ಮಾತು. ಅಯ್ಯೋ, ಇಷ್ಟೇನಾ! ಕಂಡವರ ಮಂಚಕ್ಕೆಲ್ಲ ಮೂರು ಮೂರು ಕೈ ಎಳೆದವನಿಗೆ ಹೆಂಡತಿಯ ಫೋಟೋಗೆ ಒಂದು ಕೈ ಎಳೆಯೋದು ಕಷ್ಟವೇ?

ಇದ್ದುದರಲ್ಲೇ ಒಳ್ಳೆಯ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿದ. ಹತ್ತಿಯನ್ನು ಉಂಡೆ ಕಟ್ಟಿ ಅದ್ದಿಕೊಂಡ. ಫೋಟೋದ ಮೇಲಿನ ಮೂಲೆಯಲ್ಲಿದ್ದದ್ದು ಬರೀ ಬಿಳೀ ಗೋಡೆ, ಶಾಯಿಯೇ ಇಲ್ಲ. ಅಲ್ಲಿ ಉಜ್ಜಿದರೆ ಕನ್ನಡಿಯಂಥ ಹೊಳಪು ಬಂತು. ಪುಣ್ಯಾತ್ಮ ಖುಷಿಯಲ್ಲಿ ಸೀದಾ ಮುಖಕ್ಕೇ ಕೈಯಿಟ್ಟ. ಮರ ಉಜ್ಜಿದ ಹಾಗೇ ಗುಂಡಗೆ ಒಂದು ಸುತ್ತು. ಸ್ಪಿರಿಟ್ಟಿಗೆ ಶಾಯಿ ಕರಗಿ ದುರ್ಗವ್ವನ ಕಣ್ಣು ಹತ್ತಿಯ ಜೊತೆಗೇ ಕಿವಿಯವರೆಗೆ ಹೋಯಿತು.

ತೆಗೆಯೋ ಮಾರಾಯ, ಕೈ ತೆಗೆಯೋ! ಅವನೆಲ್ಲಿ ತೆಗೆದಾನು? ಗಾಬರಿಯಲ್ಲಿ ಬಟ್ಟೆ ತಗೊಂಡು ಒರೆಸಿದ. ಮೂಗು, ಬಾಯಿ, ಹಣೆಯ ಕುಂಕುಮ ಎಲ್ಲ ಒಂದಾಗಿ ಕಂದು ಬಣ್ಣದ ರಾಡಿಯಾಯಿತು.

ಕಣ್ಣು ಮುಚ್ಚಿ ಹೆಂಡತಿಯ ಮುಖ ನೆನಪಿಸಿಕೊಳ್ಳಲು ನೋಡಿದ. ಐದು ವರ್ಷ ಈ ಫೋಟೋವನ್ನೇ ನೋಡಿದ್ದನಲ್ಲ, ಬಂದದ್ದೂ ಫೋಟೋನೇ. ಅದರಲ್ಲೂ ಈಗ ಕಣ್ಣಿರಲಿಲ್ಲ. "ನಾನ ಅಳಿಸಿಬಿಟ್ನಲ್ಲೋ ಶಿವನೇ" ಅಂತ ತಲೆ ಚಚ್ಚಿಕೊಂಡ.

ಆಟ ಮುಗಿಸಿ ಬಂದ ವಿಜಯಶ್ರೀ ಬಾಗಿ ನೋಡಿದಳು. ಮುಖವಿದ್ದ ಜಾಗ ಮುಟ್ಟಿದಳು. ಇನ್ನೂ ಆರಿರಲಿಲ್ಲ, ಬೆರಳ ತುದಿಗೆ ಕಂದು ಬಣ್ಣ ಹತ್ತಿತು. "ಅಪ್ಪಾ, ಅವ್ವ ಎಲ್ಲಿ?"

ರಾಚಪ್ಪ ತಲೆಯ ಮೇಲಿನ ಕೈ ತೆಗೆದು ಮಗಳತ್ತ ತಿರುಗಿದ. ಅಪ್ಪನ ಮುಖ ನೋಡಿ ಹೆದರಿದ ಹುಡುಗಿ, ಮುಟ್ಟಿದ್ದು ತಪ್ಪಾಯಿತೇನೋ ಅಂದುಕೊಂಡು ಕೈ ತೊಳೆಯಲು ನಲ್ಲಿಯ ಕಡೆ ಓಡಿದಳು.

ರಾಚಪ್ಪ ಎದ್ದುಬಿದ್ದು ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡ.

"ತೊಳ್ಕೋಬ್ಯಾಡ ಯವ್ವಾ, ಅದು ನಿಮ್ಮವ್ವ."